ನರೇಗಾ ಕೂಲಿ ತಡವಾಗಿದ್ದಕ್ಕೆ ಪರಿಹಾರ ಕೇಳಬಹುದು
2023ರಲ್ಲಿ ನಿಮ್ಮ ತಾಯಿ ಮಾಡಿದ ಬದು ಕೆಲಸದ ನರೇಗಾ ಕೂಲಿ ಎರಡು ತಿಂಗಳು ತಡವಾಗಿ ಬಂತು, ಪರಿಹಾರ ಉಂಟಾ ಅಂತ ಕೇಳಿದ್ದೀರಿ. ಉಂಟು. ಆಗಿನ ನಿಯಮದಂತೆ ಎನ್‌ಎಂಆರ್ (ಕೆಲಸಗಾರರ ಹಾಜರಿ ಪಟ್ಟಿ) ಮುಗಿದ 15 ದಿನದೊಳಗೆ ಕೂಲಿ ಬರಬೇಕಿತ್ತು. 16ನೇ ದಿನ ದಾಟಿದ ಮೇಲೆ ಬಾಕಿ ಕೂಲಿಗೆ ದಿನಕ್ಕೆ ಶೇ 0.05 ಪರಿಹಾರ. ಅಂದರೆ 4,000 ರೂಪಾಯಿಗೆ ದಿನಕ್ಕೆ 2 ರೂಪಾಯಿ. ತೀರಾ ಕಡಿಮೆ, ನಿಜ. ಆದರೂ ಬಿಡಬೇಡಿ. ತಡ ಯಾರಿಂದ ಆಯ್ತು ಅನ್ನೋದು ಕಾಗದದ ಮೇಲೆ ಬರಬೇಕಲ್ವಾ? ದೆಹಲಿಯಿಂದ ದುಡ್ಡು ಬಂದಿರಲಿಲ್ಲ ಅಂತ ಪಂಚಾಯಿತಿಯವರು ಹೇಳಿದರೆ ಸುಮ್ನೆ ವಾಪಸ್ ಬರಬೇಡಿ. ಆ ತಡಕ್ಕೂ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮೊದಲು ಪಂಚಾಯಿತಿಗೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಎನ್‌ಎಂಆರ್ ಮುಗಿದ ದಿನ, ಪಾವತಿ ಆದೇಶದ ದಿನ ಎರಡನ್ನೂ ಕೇಳಿ. ಆಮೇಲೆ ಪಾಸ್‌ಬುಕ್ ಜೆರಾಕ್ಸ್ ಇಟ್ಟು ಪಿಡಿಒಗೆ ಅರ್ಜಿ ಕೊಡಿ, ಸ್ವೀಕೃತಿ ತಪ್ಪದೆ ಬರೆಸಿಕೊಳ್ಳಿ.