ನಿಜ ಹೇಳಿದರೆ ಬಾಗಿಲಿಗೆ ಪೋಸ್ಟರ್

ಕೊರೊನಾ ಕಾಲದಲ್ಲಿ ಅಷ್ಟೊಂದು ಜನ ನಿಯಮ ಯಾಕೆ ಪಾಲಿಸಲಿಲ್ಲ, ತಿಳುವಳಿಕೆ ಇರಲಿಲ್ವಾ ಎಂದು ಕೇಳಿದ್ದೀರಿ. ನಾನು ಸರ್ಕಾರಿ ಶಾಲೆಯ ಟೀಚರ್. 2020ರಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸರ್ವೆಗೆ ಹೋಗುತ್ತಿದ್ದೆ. ನಾನು ಕಂಡಂತೆ ತಿಳುವಳಿಕೆ ಇಲ್ಲದವರು ಬಹಳ ಕಡಿಮೆ. ಸೋಪು, ಮಾಸ್ಕು, ಅಂತರ ಎಲ್ಲ ಸಣ್ಣ ಮಕ್ಕಳಿಗೂ ಬಾಯಿಪಾಠ. ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುತ್ತಿದ್ದದ್ದು ಕೊರೊನಾ ಕಾಲರ್ ಟ್ಯೂನಿನ ಆ ಕೆಮ್ಮು, ನೆನಪಿದೆಯಲ್ಲ!

ಜನ ರೋಗಕ್ಕೆ ಹೆದರಿದ್ದರು, ನಿಜ. ಆದರೆ ರೋಗ ಇದೆ ಅಂತ ಊರಿಗೆ ಗೊತ್ತಾಗುವುದಕ್ಕೆ ಇನ್ನೂ ಜಾಸ್ತಿ ಹೆದರಿದ್ದರು. ಪಾಸಿಟಿವ್ ಬಂದರೆ ಬಾಗಿಲಿಗೆ ಪೋಸ್ಟರ್, ಬೀದಿ ಸೀಲ್‌ಡೌನ್. ಆಂಬುಲೆನ್ಸ್ ಬಂದರೆ ಅಕ್ಕಪಕ್ಕದವರು ಮಹಡಿ ಮೇಲಿಂದ ವಿಡಿಯೊ ಮಾಡುತ್ತಿದ್ದರು. ಹಾಲಿನವನೂ ಆ ಕಡೆ ಸುಳಿಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಆ ಜುಲೈನಲ್ಲಿ ಎರಡು ಫ್ಲಾಟ್‌ಗಳ ಬಾಗಿಲಿಗೆ ತಗಡನ್ನೇ ಹೊಡೆದರು. ಗಲಾಟೆಯಾದ ಮೇಲೆ ಪಾಲಿಕೆ ಆಯುಕ್ತರು ಕ್ಷಮೆ ಕೇಳಿದರು. ಅಧಿಕಾರಿಯ ನಿರ್ದಿಷ್ಟ ಆದೇಶ ಇಲ್ಲದೆ ಪೋಸ್ಟರ್ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಇದನ್ನೆಲ್ಲ ನೋಡಿದವರು "ಜ್ವರ ಇದೆಯಾ?" ಎಂದರೆ ಹೂಂ ಅಂತಾರಾ? ಒಳಗೆ ಯಾರೋ ಕೆಮ್ಮುತ್ತಿದ್ದರೂ "ಯಾರಿಗೂ ಏನಿಲ್ಲ ಮೇಡಂ" ಅನ್ನುತ್ತಿದ್ದರು. ಮೆಡಿಕಲ್ ಶಾಪಿನ ಡೋಲೋ ನುಂಗಿ ಸುಮ್ನಾಗುತ್ತಿದ್ದರು. ನನ್ನ ಜೊತೆಗಿದ್ದ ಆಶಾ ಅಕ್ಕ ಮಾತ್ರ ಮೊದಲು ರೇಷನ್ ಬಂತಾ, ಬಾಣಂತಿ ಹೇಗಿದ್ದಾಳೆ ಅಂತ ವಿಚಾರಿಸಿ ಆಮೇಲೆ ಜ್ವರದ ಮಾತು ಎತ್ತುತ್ತಿದ್ದರು. ಅವರಿಗೆ ನಿಜ ಹೇಳುವವರು ಸಿಗುತ್ತಿದ್ದರು.

ಇದೇನು ಹೊಸದಲ್ಲ. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕುತ್ತಿದ್ದರು. ಜನ ರೋಗಿಗಳನ್ನು ಬಚ್ಚಿಟ್ಟರು. ಆ ಸಿಟ್ಟಿಗೇ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯಾದ. ಆ ವರ್ಷದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಹೊರತೆಗೆದರು ನೋಡಿ.

ಒಂದೇ ಕೋಣೆಯಲ್ಲಿ ಆರು ಜನ ಇರುವ ಮನೆಯಲ್ಲಿ "ಪ್ರತ್ಯೇಕ ಕೋಣೆಯಲ್ಲಿರಿ" ಎಂದು ಹೇಳುವಾಗ ನನಗೇ ನಾಚಿಕೆಯಾಗುತ್ತಿತ್ತು. ಆದರೆ ಕಾರಿನಿಂದಿಳಿದು, ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಮುಖದ ಹತ್ತಿರ ಬಂದು ಮಾತಾಡುವವರೂ ಇದ್ದರಲ್ಲ, ಅದು ಬರೀ ಕೊಬ್ಬು.

2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಏರುತ್ತಿದ್ದಾಗಲೇ ಬೆಳಗಾವಿ, ಮಸ್ಕಿ, ಬಸವಕಲ್ಯಾಣದಲ್ಲಿ ಉಪಚುನಾವಣೆ ನಡೆಯಿತು. ಟಿವಿಯಲ್ಲಿ ಪ್ರಚಾರದ ಜನಜಂಗುಳಿ. ಆಮೇಲೆ ಮಾಸ್ಕ್ ಹಾಕಿ ಅಂತ ಹೇಳಲು ಹೋದರೆ "ಮೊದಲು ಅವರಿಗೆ ಹೇಳಿ ಮೇಡಂ" ಎನ್ನುತ್ತಿದ್ದರು. ನಾನೇನು ಹೇಳಲಿ?