ದಾವಣಗೆರೆಗೆ ಸಾಫ್ಟ್‌ವೇರ್ ಕಂಪನಿ ಬರಬೇಕಾದರೆ ತೆರಿಗೆ ರಿಯಾಯಿತಿ ಕೊಟ್ಟರೆ ಸಾಕಾ?

ನೀವು ಕೇಳಿದ್ದು ಇಷ್ಟು: ದಾವಣಗೆರೆಯಂಥ ಊರಿಗೆ ಸಾಫ್ಟ್‌ವೇರ್ ಕಂಪನಿಗಳು ಬರಬೇಕಾದರೆ ಸರ್ಕಾರ ತೆರಿಗೆ ರಿಯಾಯಿತಿ, ಅಗ್ಗದ ಜಾಗ ಕೊಟ್ಟರೆ ಸಾಕಾ? ಅಥವಾ ಮೊದಲು ಊರು ಚೆನ್ನಾಗಿರಬೇಕಾ?

ರಿಯಾಯಿತಿ ಒಂದೇ ಸಾಕಾಗುವುದಿಲ್ಲ. ಅದು ಕೆಲಸಕ್ಕೆ ಬರುವುದು ಕೊನೆಯ ಸುತ್ತಿನಲ್ಲಿ, ಎರಡು ಮೂರು ಊರು ಉಳಿದಾಗ. ಆ ಸುತ್ತಿನ ತನಕ ಊರಿನ ಹೆಸರು ಉಳಿಯಬೇಕಾದರೆ ಅಲ್ಲಿ ಜನ ಬಂದು ಇರಲು ಒಪ್ಪಬೇಕು.

ನಾನು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೇನೆ. ನಮ್ಮ ಎರಡನೇ ಆಫೀಸಿಗೆ ಊರು ನೋಡುವ ತಂಡದಲ್ಲಿ ನಾನೂ ಇದ್ದೆ. ಸರ್ಕಾರದ ಸಬ್ಸಿಡಿ ಪಟ್ಟಿ ಮೇಜಿನ ಮೇಲೆ ಇತ್ತು, ಆದರೆ ಅದರ ಬಗ್ಗೆ ಮಾತಾಡಿದ್ದು ಕಡಿಮೆ. ಜಾಸ್ತಿ ಹೊತ್ತು ಮಾತಾಡಿದ್ದು ಬೇರೆಯದನ್ನೇ. ಐದಾರು ವರ್ಷ ಅನುಭವ ಇರುವವರು ಆ ಊರಲ್ಲಿ ಸಿಗುತ್ತಾರಾ? ಇಲ್ಲಿಂದ ಕಳಿಸಿದರೆ ಹೋಗುತ್ತಾರಾ? ಹೆಂಡತಿಯೋ ಗಂಡನೋ ಕೆಲಸದಲ್ಲಿದ್ದರೆ ಅವರಿಗೆ ಅಲ್ಲಿ ಏನು ಸಿಗುತ್ತದೆ? ಮಕ್ಕಳಿಗೆ ಶಾಲೆ? ರಾತ್ರಿ ಪಾಳಿ ಮುಗಿಸಿದ ಹುಡುಗಿಯರು ಮನೆಗೆ ಹೇಗೆ ಹೋಗುತ್ತಾರೆ?

ಯಾಕೆ ಹೀಗೆ ಅನ್ನುವುದಕ್ಕೆ ಒಂದು ಉದಾಹರಣೆ ಲೆಕ್ಕ ನೋಡಿ. ನೂರು ಜನರ ಆಫೀಸು, ಒಬ್ಬರಿಗೆ ಸರಾಸರಿ ವರ್ಷಕ್ಕೆ 10 ಲಕ್ಷ ಸಂಬಳ ಅಂದುಕೊಳ್ಳಿ. ಸಂಬಳವೇ 10 ಕೋಟಿ. ಬಾಡಿಗೆಯಲ್ಲೋ ವಿದ್ಯುತ್ ಬಿಲ್ಲಿನಲ್ಲೋ ಸರ್ಕಾರ 20 ಲಕ್ಷ ಉಳಿಸಿಕೊಟ್ಟರೂ ಅದು ಸಂಬಳದ ನೂರರಲ್ಲಿ ಎರಡು ಪಾಲು. ಊರು ಹಿಡಿಸದೆ ಹತ್ತು ಅನುಭವಿಗಳು ಬಿಟ್ಟು ಹೋದರೆ, ಹೊಸಬರನ್ನು ಹುಡುಕಿ, ಕಲಿಸಿ, ಕೆಲಸಕ್ಕೆ ಹಚ್ಚುವಷ್ಟರಲ್ಲಿ ಆ 20 ಲಕ್ಷ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಕಾರ್ಖಾನೆಯ ಲೆಕ್ಕ ಬೇರೆ, ಅದನ್ನೂ ಹೇಳಬೇಕು. 2003ರಲ್ಲಿ ಕೇಂದ್ರ ಸರ್ಕಾರ ಹಿಮಾಚಲ ಮತ್ತು ಉತ್ತರಾಖಂಡಕ್ಕೆ ದೊಡ್ಡ ಪ್ಯಾಕೇಜ್ ಕೊಟ್ಟಿತು. ಹೊಸ ಕಾರ್ಖಾನೆಗಳಿಗೆ ಹತ್ತು ವರ್ಷ ಅಬಕಾರಿ ಸುಂಕ (ತಯಾರಾದ ಸರಕಿನ ಮೇಲೆ ಕೇಂದ್ರ ಹಾಕುತ್ತಿದ್ದ ತೆರಿಗೆ) ಪೂರ್ತಿ ಮಾಫಿ, ಮೊದಲ ಐದು ವರ್ಷ ಆದಾಯ ತೆರಿಗೆಯೂ ಮಾಫಿ. ಹಿಮಾಚಲದ ಬದ್ದಿ ಎಂಬ ಸಣ್ಣ ಊರು ಕೆಲವೇ ವರ್ಷಗಳಲ್ಲಿ ದೇಶದ ದೊಡ್ಡ ಔಷಧ ತಯಾರಿಕೆ ಕೇಂದ್ರಗಳಲ್ಲಿ ಒಂದಾಯಿತು. ಅಲ್ಲಿ ತೆರಿಗೆ ರಿಯಾಯಿತಿ ನಿಜವಾಗಿಯೂ ಕಂಪನಿಗಳನ್ನು ಎಳೆದು ತಂದಿತು. ಮಾತ್ರೆ ಮಾರುವ ಕಂಪನಿಗೆ ಸುಂಕ ಅಂದರೆ ಪ್ರತಿ ಡಬ್ಬಿಯ ಮೇಲಿನ ಖರ್ಚು, ಅದನ್ನು ತೆಗೆದರೆ ಲಾಭ ಕಣ್ಣಿಗೆ ಕಾಣುತ್ತದೆ. ಆದರೆ ಊರು ಆ ವೇಗಕ್ಕೆ ಬೆಳೆಯಲಿಲ್ಲ. ಅಧಿಕಾರಿ ಮಟ್ಟದ ಎಷ್ಟೋ ಜನ ಚಂಡೀಗಢ, ಪಂಚಕುಲದಲ್ಲಿ ಮನೆ ಮಾಡಿ ದಿನಾ ಓಡಾಡುತ್ತಾರೆ. ಸಂಬಳದ ಹಣ ಖರ್ಚಾಗುವುದು ಅಲ್ಲಿ, ಕಾರ್ಖಾನೆಯ ಹೊಲಸು ಸೇರುವುದು ಬದ್ದಿಯ ಸಿರ್ಸಾ ನದಿಗೆ. ಈ ಭಾಗ ನನಗೆ ತುಂಬಾ ಬೇಜಾರಿನದು.

ಸಾಫ್ಟ್‌ವೇರ್ ವಿಷಯದಲ್ಲಿ ತೆರಿಗೆಯೇ ಮುಖ್ಯವಾಗಿದ್ದರೆ ಬೆಂಗಳೂರು ಇಷ್ಟು ಮುಂದೆ ಹೋಗಲು ಕಾರಣವೇ ಇರಲಿಲ್ಲ. ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯಲ್ಲಿ ರಫ್ತಿನ ಲಾಭಕ್ಕೆ ಸಿಗುತ್ತಿದ್ದ ಆದಾಯ ತೆರಿಗೆ ವಿನಾಯಿತಿ ಬರೀ ಬೆಂಗಳೂರಿಗೆ ಅಂತ ಇರಲಿಲ್ಲ. ಭುವನೇಶ್ವರದ ಕಂಪನಿಗೂ ಅದೇ, ಪುಣೆಯ ಕಂಪನಿಗೂ ಅದೇ. 2011ರ ಮಾರ್ಚ್‌ವರೆಗೆ ಅದು ನಡೆಯಿತು. ಆದರೂ ಸಿಂಹಪಾಲು ಬೆಂಗಳೂರಿಗೆ ಬಂತು. ಇಲ್ಲಿ 1909ರಿಂದ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಇತ್ತು. 1940ರಲ್ಲಿ ಎಚ್‌ಎಎಲ್, ಆಮೇಲೆ ಟೆಲಿಫೋನ್ ತಯಾರಿಸುವ ಐಟಿಐ, ಎಚ್‌ಎಂಟಿ, ಬಿಇಎಲ್, ಇಸ್ರೋ ಬಂದವು. ಎಂಜಿನಿಯರುಗಳು ಇದ್ದರು, ಅವರ ಮಕ್ಕಳಿಗೆ ಶಾಲೆ ಇತ್ತು, ಹವೆ ಚೆನ್ನಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗ ಇದೆಲ್ಲ ಮೊದಲೇ ಸಿದ್ಧವಿತ್ತು.

ಅಮೆರಿಕದ ಅನುಭವವೂ ಹೆಚ್ಚುಕಡಿಮೆ ಹೀಗೇ ಇದೆ. 2017ರಲ್ಲಿ ಅಮೆಜಾನ್ ಎರಡನೇ ಮುಖ್ಯ ಕಚೇರಿಗೆ ಊರು ಬೇಕು ಅಂದಾಗ 238 ಅರ್ಜಿ ಬಂದವು. ನ್ಯೂಜೆರ್ಸಿಯವರು ನ್ಯೂಅರ್ಕ್ ನಗರಕ್ಕಾಗಿ 700 ಕೋಟಿ ಡಾಲರ್ ಕೊಡುತ್ತೇವೆ ಅಂದರು. ಕೊನೆಗೆ ಆ ಕಚೇರಿ ನೆಲೆಗೊಂಡಿದ್ದು ಅದರ ಹತ್ತಿರಕ್ಕೂ ಬಾರದಷ್ಟು ಕಡಿಮೆ ಹಣ ಮುಂದಿಟ್ಟ ವರ್ಜೀನಿಯಾ ರಾಜ್ಯದಲ್ಲಿ. ಅವರು ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡ ಜಾಗದ ಜೊತೆಗೆ, ಕಂಪ್ಯೂಟರ್ ಓದಿದವರನ್ನು ಜಾಸ್ತಿ ತಯಾರು ಮಾಡುತ್ತೇವೆ, ಅದಕ್ಕೆ ಕಾಲೇಜುಗಳಿಗೆ ಹಣ ಹಾಕುತ್ತೇವೆ ಎಂದು ಮಾತು ಕೊಟ್ಟರು. ತಿಮೊಥಿ ಬಾರ್ಟಿಕ್ ಎಂಬ ಅರ್ಥಶಾಸ್ತ್ರಜ್ಞರು ಇಂಥ ರಿಯಾಯಿತಿಗಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2018ರಲ್ಲಿ ಹೇಳಿದ್ದು: ರಿಯಾಯಿತಿ ಪಡೆದ ನೂರು ಕಂಪನಿಗಳಲ್ಲಿ ಅದರಿಂದಲೇ ಮನಸ್ಸು ಬದಲಿಸಿದ್ದು 2ರಿಂದ 25 ಇರಬಹುದು. ಉಳಿದವು ಹೇಗೂ ಬರುವವೇ.

ಈಗ ನಮ್ಮ ಹುಬ್ಬಳ್ಳಿಗೆ ಬರೋಣ. ನಿಮಗೆ ಎಲ್ಲಕ್ಕಿಂತ ಹತ್ತಿರದ ಪಾಠ ಅಲ್ಲೇ ಇದೆ. ವಿಮಾನ ನಿಲ್ದಾಣದ ಹತ್ತಿರ ಇನ್ಫೋಸಿಸ್‌ಗೆ ಜಾಗ ಸಿಕ್ಕಿತು. ದೊಡ್ಡ ಕ್ಯಾಂಪಸ್ ಎದ್ದು ನಿಂತಿತು. ಆದರೆ ವರ್ಷಗಟ್ಟಲೆ ಕೆಲಸ ಶುರುವಾಗಲೇ ಇಲ್ಲ. ಊರಿನವರು ಅಭಿಯಾನ ಮಾಡಿದರು, ಕೊನೆಗೆ 2022ರಲ್ಲಿ ಬಾಗಿಲು ತೆರೆಯಿತು. ಆಮೇಲೆ ಏನಾಯಿತು ಗೊತ್ತಾ? 2023ರ ಕೊನೆಗೆ ಕಂಪನಿಯೇ ತನ್ನ ನೌಕರರಿಗೆ ಪ್ರೋತ್ಸಾಹಧನ ಘೋಷಿಸಿತು. ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡರೆ ಕೆಳ ಹಂತದವರಿಗೆ ಮೊದಲು 25 ಸಾವಿರ, ಆಮೇಲೆ ಎರಡು ವರ್ಷ ಆರು ತಿಂಗಳಿಗೊಮ್ಮೆ 25 ಸಾವಿರ. ಮೇಲಿನ ಹಂತದವರಿಗೆ ಒಟ್ಟು 8 ಲಕ್ಷದವರೆಗೆ. ಅಂದರೆ ಜಾಗ, ಕಟ್ಟಡ ಎಲ್ಲಾ ಇದ್ದರೂ ಜನರನ್ನು ಕರೆತರಲು ಬೇರೆ ದುಡ್ಡು ಬೇಕಾಯಿತು.

ಹುಬ್ಬಳ್ಳಿ ಕೆಟ್ಟ ಊರೇನಲ್ಲ, ನನಗೆ ತುಂಬಾ ಇಷ್ಟದ ಊರು. ಒಳ್ಳೆ ಎಂಜಿನಿಯರಿಂಗ್ ಕಾಲೇಜುಗಳಿವೆ, ಪಕ್ಕದಲ್ಲೇ ಧಾರವಾಡ ಐಐಟಿ, ವಿಮಾನ, ವಂದೇ ಭಾರತ್, ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸು ಎಲ್ಲಾ ಇವೆ. ಆದರೆ ಒಂದು ದೊಡ್ಡ ಕಂಪನಿ ಮಾತ್ರ ಇರುವ ಊರಿಗೆ ಹೋದವರು ನಾಳೆ ಕೆಲಸ ಬದಲಿಸಬೇಕು ಅಂದರೆ ಮನೆಯನ್ನೇ ಬದಲಿಸಬೇಕು. ಈ ಭಯ ನಾನು ಮಾತಾಡಿಸಿದ ಪ್ರತಿಯೊಬ್ಬರಲ್ಲೂ ಇತ್ತು. ಇನ್ನು ನೀರು. ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಂದು ವರ್ಷಗಳೇ ಆದವು. ಆದರೆ ಉಳಿದ ಬಡಾವಣೆಗಳಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾದ ಕಥೆ ಊರಿಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಕೂತವರು ಮೊದಲು ಕೇಳುವುದು ಅದನ್ನೇ.

ನೀವು ಇಲ್ಲಿ ಒಂದು ಮಾತು ಕೇಳಬಹುದು: ಬೆಂಗಳೂರಿನ ಬದುಕು ಕೂಡ ಹದಗೆಟ್ಟಿದೆ ಅಲ್ವಾ, ಮತ್ತೆ ಕಂಪನಿಗಳು ಯಾಕೆ ಬಿಟ್ಟು ಹೋಗುತ್ತಿಲ್ಲ? ನ್ಯಾಯವಾದ ಪ್ರಶ್ನೆ. 2025ರ ಸೆಪ್ಟೆಂಬರಿನಲ್ಲಿ, ಲಾರಿ ಮಾಲೀಕರಿಗೆ ಆನ್‌ಲೈನ್ ಸೇವೆ ಕೊಡುವ ಬ್ಲ್ಯಾಕ್‌ಬಕ್ ಕಂಪನಿಯ ಮುಖ್ಯಸ್ಥರು, ಹೊಂಡ, ದೂಳು ಮತ್ತು ಓಡಾಟದ ಸಮಯದ ಕಾರಣ ಕೊಟ್ಟು ಹೊರವರ್ತುಲ ರಸ್ತೆಯ ಆಫೀಸು ಬಿಡುತ್ತೇವೆ ಅಂದರು. ಆಂಧ್ರದ ಸಚಿವ ನಾರಾ ಲೋಕೇಶ್ ತಕ್ಷಣ ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆದರು. ಅದೇ ಸರ್ಕಾರ ಕೆಲವು ತಿಂಗಳ ಹಿಂದೆ ಟಿಸಿಎಸ್‌ಗೆ 21 ಎಕರೆಗೂ ಹೆಚ್ಚು ಜಾಗವನ್ನು 99 ಪೈಸೆಗೆ ಕೊಟ್ಟಿತ್ತು. ಆದರೆ ಬ್ಲ್ಯಾಕ್‌ಬಕ್‌ನವರು ಆಮೇಲೆ ಹೇಳಿದ್ದು, ನಾವು ಬೆಂಗಳೂರಿನಲ್ಲೇ ಇರುತ್ತೇವೆ, ಜಾಗ ಮಾತ್ರ ಬದಲಿಸುತ್ತೇವೆ ಎಂದು. ರಸ್ತೆ ಎಷ್ಟೇ ಹಾಳಾಗಿದ್ದರೂ ಕೆಲಸಗಾರರು ಸಿಗುವುದು ಇಲ್ಲೇ. ಕೆಲಸಗಾರರಿಗೂ ಹತ್ತು ಬಾಗಿಲು ಇರುವುದು ಇಲ್ಲೇ. ಆದರೆ ಆ ಹಳೆಯ ಗಳಿಕೆಯ ಮೇಲೆ ಬೆಂಗಳೂರು ಎಷ್ಟು ದಿನ ನಡೆದೀತು ಎಂಬ ಚಿಂತೆ ನನಗಿದೆ. ದಾವಣಗೆರೆಗಂತೂ ಅಂಥ ಗಳಿಕೆ ಇಲ್ಲ, ಹಾಗಾಗಿ ಕೆಟ್ಟ ರಸ್ತೆ, ಬಾರದ ನೀರು ಇಟ್ಟುಕೊಂಡು ಗೆಲ್ಲಲು ಆಗುವುದಿಲ್ಲ.

ನಿಮ್ಮ ಊರಿನ ಕೈಯಲ್ಲಿ ಏನಿದೆ ಅಂತ ನೋಡಿ. ಜಿಎಸ್‌ಟಿ, ಆದಾಯ ತೆರಿಗೆ, ಮುದ್ರಾಂಕ ಶುಲ್ಕ, ವಿದ್ಯುತ್ ಸುಂಕ, ಯಾವುದೂ ಮಹಾನಗರ ಪಾಲಿಕೆಯದ್ದಲ್ಲ. ಪಾಲಿಕೆ ತಾನೇ ಹಾಕುವ ದೊಡ್ಡ ತೆರಿಗೆ ಅಂದರೆ ಆಸ್ತಿ ತೆರಿಗೆ. ರಾಜ್ಯದ ಕೈಗಾರಿಕಾ ನೀತಿಯಲ್ಲಿ ಬೆಂಗಳೂರಿನ ಹೊರಗಿನ ತಾಲ್ಲೂಕುಗಳಿಗೆ ಹೇಗೂ ಜಾಸ್ತಿ ರಿಯಾಯಿತಿ ಇದೆ. ಆದರೆ ಅದು ನಿಮಗೂ ಇದೆ, ತುಮಕೂರಿಗೂ ಇದೆ, ಶಿವಮೊಗ್ಗಕ್ಕೂ ಇದೆ. ಎಲ್ಲರಿಗೂ ಸಿಗುವ ರಿಯಾಯಿತಿ ಯಾರನ್ನೂ ಮುಂದೆ ತರುವುದಿಲ್ಲ. ಅದರ ಮೇಲೆ ಆಸ್ತಿ ತೆರಿಗೆಯನ್ನೂ ಬಿಟ್ಟುಕೊಟ್ಟರೆ ಚರಂಡಿಗೆ, ಬೀದಿ ದೀಪಕ್ಕೆ ಹಣ ಎಲ್ಲಿಂದ? ಅದನ್ನು ಮಾತ್ರ ಬಿಡಬೇಡಿ ಅಂತ ನಾನು ಕಳಕಳಿಯಿಂದ ಹೇಳುತ್ತೇನೆ. ರಾಜ್ಯ ಸರ್ಕಾರ ಕೊಡುವುದಾದರೂ ಕೆಲಸ ಕೊಟ್ಟ ಮೇಲೆ, ಕೊಟ್ಟಷ್ಟು ಕೆಲಸಕ್ಕೆ ಮಾತ್ರ ಕೊಡಲಿ.

ನಿಮ್ಮಲ್ಲಿ ಇರುವುದು ಕಡಿಮೆಯೇನಲ್ಲ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಮತ್ತು ಹೆದ್ದಾರಿ ಎರಡೂ ಊರಲ್ಲೇ ಹಾದು ಹೋಗುತ್ತವೆ. ಎರಡು ವೈದ್ಯಕೀಯ ಕಾಲೇಜುಗಳಿವೆ. ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ ಒಳ್ಳೆ ಆಸ್ಪತ್ರೆ ಹತ್ತಿರ ಇರುವುದು ಸಂಬಳಕ್ಕಿಂತ ದೊಡ್ಡ ವಿಷಯ. ಬಿಐಇಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಹುಡುಗರು ಹೊರಬರುತ್ತಾರೆ, ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಹಾಗೆ ಬಂದ ಎಷ್ಟೋ ಜನರನ್ನು ನಾನೇ ಸಂದರ್ಶನ ಮಾಡಿದ್ದೇನೆ.

ಹಾಗಾಗಿ ದೊಡ್ಡ ಹೆಸರಿನ ಕಂಪನಿಗೆ ಐವತ್ತು ಎಕರೆ ಕೊಡಿ ಎಂದು ಕೇಳುವ ಬದಲು, ಮೂವತ್ತು ಐವತ್ತು ಜನರ ನಾಲ್ಕೈದು ಸಣ್ಣ ಆಫೀಸುಗಳು ಒಂದೇ ಕಡೆ ಕೂರುವಂಥ ಬಾಡಿಗೆ ಕಟ್ಟಡ ಕೇಳಿ. ಒಂದು ಬಿಟ್ಟವರಿಗೆ ಇನ್ನೊಂದು ಸಿಗಬೇಕು. ಅದಕ್ಕೂ ಮೊದಲು, ನಿಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿ: ಇದೇ ಸಂಬಳ ದಾವಣಗೆರೆಯಲ್ಲಿ ಸಿಕ್ಕರೆ ವಾಪಸ್ ಬರುತ್ತೀರಾ, ಇಲ್ಲ ಅಂದರೆ ಯಾಕೆ? ಬರುವ ಉತ್ತರಗಳನ್ನು ಪಾಲಿಕೆ ಸದಸ್ಯರಿಗೂ ಶಾಸಕರಿಗೂ ಬಜೆಟ್ ಸಭೆಗೆ ಮುಂಚೆ ಕೊಡಿ. ಬರುತ್ತೇವೆ ಅಂದವರ ಪಟ್ಟಿಯನ್ನು, ಯಾರು ಏನು ಕೆಲಸ ಬಲ್ಲರು, ಎಷ್ಟು ವರ್ಷದ ಅನುಭವ ಎಂಬ ವಿವರದೊಂದಿಗೆ, ನಮ್ಮಂಥ ಕಂಪನಿಗಳಿಗೆ ಕಳಿಸಿ. ಊರು ನೋಡುವ ತಂಡದವರು ಮೊದಲು ಕೇಳುವ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲೇ ಇರುತ್ತದೆ.