ಇದಕ್ಕೆ ಯಾವ ಡಿಗ್ರಿ ನೋಡುತ್ತೀಯಮ್ಮ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹನ್ನೊಂದು ವರ್ಷಗಳಿಂದ ಹಾಲು ಪರೀಕ್ಷಕಿಯಾಗಿದ್ದೇನೆ. ನಮ್ಮ ಅತ್ತೆ ಸೊಂಟದ ಮೂಳೆ ಮುರಿದುಕೊಂಡು ಎರಡು ವರ್ಷಗಳಿಂದ ಮಂಚ ಹಿಡಿದಿದ್ದಾರೆ. ಮನೆಮಾತು ತೆಲುಗು, ಅವರಿಗೆ ಹಳೆಯ ತೆಲುಗು ಪೌರಾಣಿಕ ಚಿತ್ರಗಳೆಂದರೆ ಪ್ರಾಣ. ಅವರಿಗಾಗಿ ಟೆಲಿಗ್ರಾಂನಲ್ಲಿ ಹುಡುಕಿ, ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ಗೆ ತುಂಬಿ ಟಿ.ವಿ.ಗೆ ಸಿಕ್ಕಿಸಲು ಆರಂಭಿಸಿದೆ. ಈಗ ಆ ಅಭ್ಯಾಸ ಹೊಸ ಸಿನಿಮಾ, ಧಾರಾವಾಹಿ, ಹಾಡು ಎಲ್ಲಕ್ಕೂ ಹರಡಿದೆ. ಡೇರಿಗೆ ಹಾಲು ಹಾಕುವ ಹೆಂಗಸರ ವಾಟ್ಸ್‌ಆ್ಯಪ್ ಗುಂಪಿಗೂ ನಾನೇ ಲಿಂಕ್ ಕಳಿಸುತ್ತೇನೆ; ಯಾರಿಂದಲೂ ಒಂದು ರೂಪಾಯಿ ಪಡೆದಿಲ್ಲ. ಕಳೆದ ತಿಂಗಳು ನನ್ನ ವಾರಗಿತ್ತಿ ತಂದ ಹಾಲು, ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನಲ್ಲಿ 24 ಡಿಗ್ರಿ ತೋರಿಸಿತು. ನೀರು ಬೆರೆತಿದೆಯೆಂದು ಸಾಲಿನಲ್ಲಿದ್ದ ಎಲ್ಲರ ಎದುರಿಗೇ ತಿರುಗಿಸಿ ಕಳಿಸಿದೆ. ಆ ರಾತ್ರಿ ನಾನು ಹೊಸ ಸಿನಿಮಾ ಇಳಿಸಿಕೊಳ್ಳುತ್ತಿದ್ದಾಗ ಒಂಬತ್ತನೆಯ ತರಗತಿಯ ಮಗಳು, “ದೊಡ್ಡಮ್ಮನ ಹಾಲಿಗೆ ಒಂದು ಲೋಟ ನೀರು ಬಿದ್ದರೆ ವಾಪಸ್ ಕಳಿಸುತ್ತೀಯ, ಇದಕ್ಕೆ ಯಾವ ಡಿಗ್ರಿ ನೋಡುತ್ತೀಯಮ್ಮ?” ಎಂದು ಕೇಳಿದಳು. ಗದರಿಸಿ ಬಾಯಿ ಮುಚ್ಚಿಸಿದೆ. ನಮ್ಮ ಯಜಮಾನರು, “ನಾವು ಹುಡುಗರಾಗಿದ್ದಾಗ ಟೆಂಟಿನ ಪರದೆ ಎತ್ತಿ ನುಗ್ಗಿ ಸಿನಿಮಾ ನೋಡಿದವರೇ, ಯಾರ ಮನೆ ಹಾಳಾಯಿತು? ಕೋಟಿ ಕೋಟಿ ಎಣಿಸುವವರಿಗೆ ನಿನ್ನ ನೂರು ರೂಪಾಯಿ ಯಾವ ಲೆಕ್ಕ?” ಎನ್ನುತ್ತಾರೆ. ನಾನು ಮಾಡುತ್ತಿರುವುದು ಕಳ್ಳತನವೇ? ಮಗಳಿಗೆ ಏನು ಹೇಳಲಿ?

ಉತ್ತರ: ಸೋದರಿ, ಕಳ್ಳತನವೇ ಎಂದು ಕೇಳಿದ್ದೀರಿ. ಅಲ್ಲ, ಆದರೆ ತಪ್ಪು. ಈ ಎರಡರ ನಡುವಿನ ವ್ಯತ್ಯಾಸ ಬರಿಯ ಮಾತಿನದಲ್ಲ. ಕೊಟ್ಟಿಗೆಯಿಂದ ಹಸುವನ್ನು ಹೊಡೆದುಕೊಂಡು ಹೋದರೆ ಬೆಳಿಗ್ಗೆ ಮನೆಯವರಿಗೆ ಖಾಲಿ ಗೂಟ ಕಾಣುತ್ತದೆ. ನೀವು ಇಳಿಸಿಕೊಂಡ ಹಾಡು ಅದರ ಒಡೆಯರ ಬಳಿ ಹಾಗೆಯೇ ಉಳಿದಿರುತ್ತದೆ. ಆದ್ದರಿಂದಲೇ 1957ರ ಕೃತಿಸ್ವಾಮ್ಯ ಕಾಯ್ದೆ ಇದನ್ನು ಕಳ್ಳತನ ಎನ್ನದೆ ಹಕ್ಕಿನ ಉಲ್ಲಂಘನೆ ಎನ್ನುತ್ತದೆ. ನಿಮ್ಮನ್ನು ನೀವೇ ಕಳ್ಳಿ ಎಂದು ಕರೆದುಕೊಳ್ಳುವುದು ಬೇಡವೆಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಷ್ಟು ದೊಡ್ಡ ಹೆಸರನ್ನು ಹೊರಲಾರದ ಮನಸ್ಸು ಎರಡೇ ದಿನಗಳಲ್ಲಿ ಅದನ್ನು ಕೆಳಗಿಳಿಸಿ, ಇಳಿಸಿದ ಸಮಾಧಾನದಲ್ಲಿ ಹಳೆಯ ಅಭ್ಯಾಸಕ್ಕೇ ಮರಳುತ್ತದೆ.

ನಿಮ್ಮ ಮಗಳು ಆರಿಸಿದ ಹೋಲಿಕೆ ಇದಕ್ಕಿಂತ ಹೆಚ್ಚು ಸರಿಯಾದದ್ದು. ಹಾಲಿಗೆ ಒಂದು ಲೋಟ ನೀರು ಬೆರೆಸಿದವರು ಪಕ್ಕದ ಮನೆಯ ಹಾಲನ್ನೇನೂ ಕದ್ದಿರುವುದಿಲ್ಲ. ಆದರೆ ಆ ಹಾಲು ಎಲ್ಲರ ಹಾಲಿನೊಡನೆ ಒಂದೇ ಕ್ಯಾನಿಗೆ ಬೀಳುತ್ತದೆ, ಕ್ಯಾನು ಶೀತಲ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಫ್ಯಾಟು ಮತ್ತು ಎಸ್‌ಎನ್‌ಎಫ್ (ಕೊಬ್ಬನ್ನು ಬಿಟ್ಟು ಉಳಿದ ಘನಾಂಶ) ಕಡಿಮೆ ಬಂದರೆ ನಷ್ಟವನ್ನು ಇಡೀ ಸಂಘ ಹೊರಬೇಕಾಗುತ್ತದೆ. ಚೊಕ್ಕ ಹಾಲು ತಂದವರೂ ಅದರಲ್ಲಿ ಪಾಲು ಕೊಟ್ಟಿರುತ್ತಾರೆ, ಯಾರಿಂದ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ. ಹಣ ಕೊಡದೆ ಇಳಿಸಿಕೊಂಡ ಸಿನಿಮಾದ ನಷ್ಟವೂ ಇದೇ ರೀತಿ ಹಂಚಿಹೋಗುತ್ತದೆ. ಆ ಚಿತ್ರದಲ್ಲಿ ದೀಪ ಹಿಡಿದವರಿಗೆ, ಬಣ್ಣ ಹಚ್ಚಿದವರಿಗೆ, ಊಟ ಬಡಿಸಿದವರಿಗೆ ದಿನಗೂಲಿ ಆಗಲೇ ಸಂದಿರುತ್ತದೆ. ನೀವು ಇಂದು ರಾತ್ರಿ ನೋಡಿದ್ದರಿಂದ ಅವರ ಕೂಲಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಿಮ್ಮ ಯಜಮಾನರ ಮಾತಿನಲ್ಲಿ ಅಷ್ಟು ಸತ್ಯವಿದೆ. ಪೆಟ್ಟು ಬೀಳುವುದು ಮುಂದಿನ ಚಿತ್ರಕ್ಕೆ, ಅದರಲ್ಲಿಯೂ ದೊಡ್ಡ ನಾಯಕನಿಲ್ಲದ ಸಣ್ಣ ಕನ್ನಡ ಚಿತ್ರಕ್ಕೆ. ಕನ್ನಡದ ಚಿತ್ರಗಳನ್ನು ಕೊಳ್ಳಲು ದೊಡ್ಡ ಒಟಿಟಿ ಸಂಸ್ಥೆಗಳು ಹಿಂದೆಮುಂದೆ ನೋಡುತ್ತವೆ ಎಂದು ನಮ್ಮ ನಿರ್ಮಾಪಕರು ಹೇಳುತ್ತಲೇ ಬಂದಿದ್ದಾರೆ. ಕೊಳ್ಳುವ ಮುನ್ನ ಆ ಸಂಸ್ಥೆಗಳು ಕೇಳುವುದು ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕವನ್ನು. ನಿಮ್ಮ ಡೇರಿಯ ಹೆಂಗಸರೆಲ್ಲ ಒಂದು ಚಿತ್ರವನ್ನು ನೋಡಿ, ಅತ್ತು, ಮರುದಿನ ಸಾಲಿನಲ್ಲಿ ನಿಂತು ಅದರ ಬಗ್ಗೆಯೇ ಮಾತನಾಡಿದರೂ ಆ ಲೆಕ್ಕದಲ್ಲಿ ಅವರಲ್ಲಿ ಒಬ್ಬರೂ ಇರುವುದಿಲ್ಲ. ಸಂಘದ ಪುಸ್ತಕದಲ್ಲಿ ಬರೆಯದ ಹಾಲಿಗೆ ಬಟವಾಡೆ ಇಲ್ಲವೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಕೋಟಿಗಳ ಮಾತಿಗೆ ಬರುತ್ತೇನೆ. ಕಂಪನಿಗಳೇ ಎಲ್ಲವನ್ನೂ ನುಂಗುತ್ತವೆ ಎಂಬ ಆಕ್ಷೇಪ ಒಂದು ಕಾಲದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು. ಸಾಹಿತ್ಯ ಬರೆದವರೂ ರಾಗ ಹಾಕಿದವರೂ ಒಂದೇ ಗಂಟಿಗೆ ಎಲ್ಲ ಹಕ್ಕುಗಳನ್ನೂ ಬರೆದುಕೊಟ್ಟು ಕೈತೊಳೆದುಕೊಳ್ಳಬೇಕಾಗಿತ್ತು. ಅವರ ಹಾಡು ಮೂವತ್ತು ವರ್ಷ ಊರೂರಿನ ಮದುವೆ, ಜಾತ್ರೆಗಳಲ್ಲಿ ಮೊಳಗಿದರೂ ಅವರಿಗೆ ಮತ್ತೆ ಒಂದು ಕಾಸೂ ಬರುತ್ತಿರಲಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಇದನ್ನು ಬದಲಿಸಿತು. ಚಿತ್ರಮಂದಿರದ ಪ್ರದರ್ಶನವೊಂದನ್ನು ಬಿಟ್ಟು ಬೇರೆ ಎಲ್ಲೇ ಆ ಹಾಡು ಬಳಕೆಯಾದರೂ ಬರುವ ಗೌರವಧನದಲ್ಲಿ (ರಾಯಲ್ಟಿ) ಸಾಹಿತಿ ಮತ್ತು ಸಂಗೀತ ಸಂಯೋಜಕರಿಗೆ ಸಮಪಾಲು ಸಲ್ಲಬೇಕು, ಆ ಪಾಲನ್ನು ಅವರು ಕಂಪನಿಗೆ ಬರೆದುಕೊಡಲು ಸಾಧ್ಯವಿಲ್ಲ ಎಂದು ಈಗಿನ ಕಾನೂನು ಹೇಳುತ್ತದೆ. ಅಂತಹ ಹಣವನ್ನು ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಎಂಬ ಸಂಘ 1969ರಿಂದಲೂ ಇದೆ. ಎಲ್ಲರಿಗೂ ನ್ಯಾಯವಾಗಿ ತಲುಪುತ್ತದೆಯೆಂದು ನಾನು ವಾದಿಸುವುದಿಲ್ಲ, ಕಾನೂನಿನ ಪುಟದಿಂದ ಕಲಾವಿದರ ಜೇಬಿಗೆ ಇರುವ ದಾರಿ ಸಾಕಷ್ಟು ಉದ್ದವಾದದ್ದು. ಆದರೆ ಹಾಡು ನ್ಯಾಯವಾದ ಕಡೆಯಲ್ಲಿ ಕೇಳಿಬಂದಾಗ ಮಾತ್ರ ಆ ದಾರಿ ತೆರೆದಿರುತ್ತದೆ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ನೆಗೆದ ಹಾಡಿಗೆ ದಾರಿಯೇ ಇಲ್ಲ. ಇನ್ನು ಸಂಪತ್ತಿನ ವಿಚಾರ: ಸಂಘಕ್ಕೆ ಈ ವರ್ಷ ಒಳ್ಳೆಯ ಲಾಭ ಬಂದಿದೆಯೆಂದು ನೀವು ಯಾರ ಹಾಲಿಗೂ ಎರಡು ಡಿಗ್ರಿ ರಿಯಾಯಿತಿ ಕೊಟ್ಟಿಲ್ಲವಷ್ಟೆ?

ಟೆಂಟಿನ ಹೋಲಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಪರದೆಯ ಅಂಚನ್ನೆತ್ತಿ ನುಸುಳಿದ ಹುಡುಗನಿಗೆ ತಾನು ನುಸುಳಿದ್ದೇನೆಂಬುದು ಗೊತ್ತಿತ್ತು. ನೆಲದ ಮೇಲೆ ಮುದುಡಿ ಕುಳಿತು, ಟಾರ್ಚಿನ ಬೆಳಕು ತನ್ನತ್ತ ಬಂದಾಗಲೆಲ್ಲ ಪಕ್ಕದವರ ಬೆನ್ನ ಹಿಂದೆ ಸರಿಯುತ್ತಿದ್ದ, ಸಿಕ್ಕಿಬಿದ್ದರೆ ಕಿವಿ ಹಿಂಡಿಸಿಕೊಳ್ಳಲು ಸಿದ್ಧನಾಗಿರುತ್ತಿದ್ದ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅವನು ತಾನೊಬ್ಬ ನುಸುಳಿದನೇ ಹೊರತು ಇಡೀ ಊರಿಗೆ ಪರದೆ ಎತ್ತಿ ಹಿಡಿಯಲಿಲ್ಲ. ನೀವು ಗುಂಪಿಗೆ ಲಿಂಕ್ ಕಳಿಸುವಾಗ ಮಾಡುತ್ತಿರುವುದು ಆ ಎರಡನೆಯ ಕೆಲಸ.

ಇಷ್ಟು ಹೇಳಿದ ನಾನು ಚೊಕ್ಕ ಹಾಲೇನಲ್ಲ. ಕೋಲಾರದಲ್ಲಿ ಓದುತ್ತಿದ್ದ ದಿನಗಳಲ್ಲಿ, ಕ್ಯಾಸೆಟ್ಟಿನ ಕಾಲವದು, ನೋಟ್‌ಬುಕ್ಕಿನ ಹಾಳೆಯಲ್ಲಿ ಹನ್ನೆರಡು ಹಾಡುಗಳ ಪಟ್ಟಿ ಬರೆದು ಅಂಗಡಿಯೊಂದಕ್ಕೆ ಕೊಟ್ಟರೆ ಮೂರು ದಿನಗಳಲ್ಲಿ 60 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದರು. ಅಂತಹ ಎಂಟು ಹತ್ತು ಕ್ಯಾಸೆಟ್ಟುಗಳು ನನ್ನ ಬಳಿ ಇದ್ದವು, ಅವುಗಳ ಮೇಲೆ ಚೆಂದದ ಅಕ್ಷರಗಳಲ್ಲಿ ಹಾಡುಗಳ ಹೆಸರನ್ನೂ ಗಾಯಕರ ಹೆಸರನ್ನೂ ಬರೆದಿಟ್ಟಿದ್ದೆ. ಹೆಸರು ಬರೆದದ್ದೇ ಅವರಿಗೆ ಸಲ್ಲಿಸಿದ ಗೌರವವೆಂದು ಅಂದು ನಂಬಿದ್ದೆ. ಆ ಹನ್ನೆರಡು ಹಾಡುಗಳೂ ಒಂದೇ ಕಡೆ ಎಲ್ಲೂ ಮಾರಾಟಕ್ಕೆ ಸಿಗುತ್ತಿರಲಿಲ್ಲ ಎಂಬುದು ನನ್ನ ಸಮರ್ಥನೆಯಾಗಿತ್ತು, ಅದು ಅರ್ಧ ನಿಜ. ಇನ್ನರ್ಧ ನಿಜವೆಂದರೆ, ಸಿಗುತ್ತಿದ್ದವುಗಳನ್ನೂ ನಾನು ಕೊಂಡಿರಲಿಲ್ಲ.

ನಿಮ್ಮ ಪೆನ್‌ಡ್ರೈವನ್ನು ಇದೇ ರೀತಿ ಎರಡು ಭಾಗ ಮಾಡಿ ನೋಡಬೇಕೆಂಬುದು ನನ್ನ ಸಲಹೆ. ಅತ್ತೆಯವರ ಚಿತ್ರಗಳು ಒಂದು ಭಾಗ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಮತ್ತು ಧ್ವನಿಮುದ್ರಣದ ಹಕ್ಕು ಅದು ಹೊರಬಂದ ವರ್ಷ ಕಳೆದ ಮೇಲೆ 60 ವರ್ಷಗಳವರೆಗೆ ಮಾತ್ರ ಇರುತ್ತದೆ. 1960ರಲ್ಲಿ ತೆರೆಕಂಡ ಚಿತ್ರದ ಮೇಲಿನ ಹಕ್ಕು 2020ರ ಕೊನೆಗೆ ಮುಗಿದಿದೆ. ಅದರೊಳಗಿನ ಕತೆ, ಪದ್ಯ, ಸಂಗೀತಗಳ ಹಕ್ಕು ಅವನ್ನು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುವುದರಿಂದ ಎಲ್ಲವೂ ಬಿಡುಗಡೆಯಾಗಿದೆ ಎನ್ನುವಂತಿಲ್ಲ. ಆದರೂ ಅತ್ತೆಯವರ ಕೃಷ್ಣ, ಭೀಮ, ಘಟೋತ್ಕಚರ ಬಗ್ಗೆ ನೀವು ನಿದ್ದೆಗೆಡಬೇಕಾಗಿಲ್ಲ. ಅದೂ ಅಲ್ಲದೆ ಹಳೆಯ ತೆಲುಗು, ಕನ್ನಡ ಚಿತ್ರಗಳಲ್ಲಿ ಅನೇಕವನ್ನು ಹಕ್ಕುದಾರರೇ ಯೂಟ್ಯೂಬಿಗೆ ಹಾಕಿದ್ದಾರೆ. ನಡುನಡುವೆ ಬರುವ ಜಾಹೀರಾತು ಸಹಿಸಿಕೊಂಡರೆ ಅದೇ ನೀವು ಕೊಡುವ ಟಿಕೆಟ್ಟು. ಟೆಲಿಗ್ರಾಂಗೆ ಹೋಗುವ ಮುನ್ನ ಅಲ್ಲಿ ಹುಡುಕಿದ್ದರೆ ಬಹುಶಃ ಈ ಪತ್ರವನ್ನೇ ಬರೆಯಬೇಕಾಗುತ್ತಿರಲಿಲ್ಲ. ಹಣ ಕೊಡುತ್ತೇನೆಂದರೂ ಎಲ್ಲಿಯೂ ಸಿಗದಂತಹ ಹಳೆಯ ಧಾರಾವಾಹಿಯೊಂದನ್ನು ಹಾಸಿಗೆ ಹಿಡಿದ ವೃದ್ಧೆಗಾಗಿ ಇಳಿಸಿಕೊಂಡಿದ್ದರೆ, ಕಾನೂನು ಒಪ್ಪದಿದ್ದರೂ, ಅದನ್ನು ದೊಡ್ಡ ತಪ್ಪೆಂದು ಹೇಳಲು ನನಗೆ ನಾಲಿಗೆ ಬಾರದು.

ಇನ್ನೊಂದು ಭಾಗ ಹೊಸ ಸಿನಿಮಾಗಳು. ಇವು ಸಿಗುತ್ತವೆ, ಬೆಲೆ ಇದೆ, ಕೊಡುವುದು ಬೇಡವೆಂದೇ ನೀವು ಇಳಿಸಿಕೊಂಡಿದ್ದೀರಿ. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದ್ದಾಗಿದ್ದರೆ ಅದರ ಮೂಲದಲ್ಲೇ ಇನ್ನೊಂದು ಅಪರಾಧವಿದೆ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹಾಗೆ ಚಿತ್ರೀಕರಿಸಿದವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಕನಿಷ್ಠ 3 ಲಕ್ಷ ರೂಪಾಯಿ ದಂಡ. ಹಂಚುವುದೂ ಹಗುರವಾದ ವಿಷಯವಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ನೆಯ ಕಲಮು ಗೊತ್ತಿದ್ದೂ ಹಕ್ಕನ್ನು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡ ಎನ್ನುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾಮೀನುರಹಿತ ಅಪರಾಧವೆಂದೂ ಹೇಳಿದೆ. ಒಂದು ರೂಪಾಯಿಯನ್ನೂ ಪಡೆದಿಲ್ಲ ಎಂಬ ನಿಮ್ಮ ಮಾತಿಗೆ ಬೆಲೆಯಿದೆ: ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆಯನ್ನು ಇಳಿಸಬಹುದು. ಆದರೆ ಅದು ಇಳಿಕೆ, ಮನ್ನಾ ಅಲ್ಲ. ಪೊಲೀಸರು ನಾಳೆ ನಿಮ್ಮ ಬಾಗಿಲಿಗೆ ಬರುತ್ತಾರೆಂದು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಲಿಂಕನ್ನು ಪರೀಕ್ಷಕಿಯೇ ಕಳಿಸಿದ್ದಾರೆ ಎಂದರೆ ಅದು ಪರೀಕ್ಷೆಯಾಗಿ ಬಂದ ಸರಕೆಂದು ಆ ಹೆಂಗಸರು ನಂಬುತ್ತಾರೆ. ಅವರಲ್ಲಿ ಯಾರಿಗೂ ತಾವು ಏನನ್ನು ಒತ್ತುತ್ತಿದ್ದೇವೆಂಬುದು ಗೊತ್ತಿರಲಾರದು. ಆದ್ದರಿಂದ ಎಲ್ಲಕ್ಕಿಂತ ಮೊದಲು, ಇಂದೇ, ಗುಂಪಿಗೆ ಲಿಂಕ್ ಕಳಿಸುವುದನ್ನು ನಿಲ್ಲಿಸಿ, ಏಕೆ ನಿಲ್ಲಿಸಿದಿರೆಂದು ಎರಡು ಸಾಲು ಬರೆಯಿರಿ. ಇನ್ನೆಲ್ಲವೂ ನಿಧಾನವಾಗಿ ಆಗಲಿ.

ಐದಾರು ಒಟಿಟಿಗಳಿಗೆ ಚಂದಾ ಕಟ್ಟಿ ಎಂದು ಡೇರಿಯ ಸಂಬಳದಲ್ಲಿ ಸಂಸಾರ ನಡೆಸುವವರಿಗೆ ಹೇಳಿದರೆ ಅದು ಸಲಹೆಯಾಗದೆ ಹಂಗಿಸಿದಂತಾದೀತು. ಒಂದು ತಿಂಗಳು ಒಂದಕ್ಕೆ ಕಟ್ಟಿ, ಬೇಕಾದದ್ದನ್ನು ನೋಡಿ ಮುಗಿಸಿ, ಮರುತಿಂಗಳು ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಸಾಕು. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ, ಆಕಾಶವಾಣಿಗೂ ಇಲ್ಲ. ಯಾವುದೂ ಕೈಗೆಟುಕದ ತಿಂಗಳಲ್ಲಿ ಹೊಸ ಸಿನಿಮಾವೊಂದನ್ನು ನೋಡದೆ ಉಳಿಯುವುದೂ ಒಂದು ದಾರಿಯೇ. ನಮ್ಮ ತಲೆಮಾರಿನವರಿಗೆ ಅದು ಚೆನ್ನಾಗಿ ರೂಢಿಯಲ್ಲಿತ್ತು.

ಈಗ ನಿಮ್ಮ ಮಗಳು. ಅವಳಿಗೆ ಕಾಯ್ದೆ, ಕಲಮು ಯಾವುದನ್ನೂ ಹೇಳಬೇಡಿ, ಅಜ್ಜಿಯ ಕಾಯಿಲೆಯನ್ನಂತೂ ಮುಂದೆ ತರಬೇಡಿ. “ನೀನು ಕೇಳಿದ್ದು ಸರಿಯಾಗಿಯೇ ಇತ್ತು, ನನ್ನ ಬಳಿ ಉತ್ತರವಿರಲಿಲ್ಲ, ಅದಕ್ಕೇ ಗದರಿದೆ” ಎಂದು ಒಂದು ಮಾತು ಹೇಳಿ ಸುಮ್ಮನಾಗಿ. ಹದಿನಾಲ್ಕರ ಹುಡುಗಿ ತಾಯಿಯ ತಪ್ಪನ್ನು ಬೇಗ ಮರೆಯುತ್ತಾಳೆ, ತಾಯಿ ಕೊಟ್ಟ ನೆಪವನ್ನು ಮರೆಯುವುದಿಲ್ಲ. ಅವಳ ಪ್ರಶ್ನೆಯನ್ನು ಮತ್ತೊಮ್ಮೆ ಓದಿದಾಗ ನನಗೆ ಇನ್ನೊಂದು ಅನುಮಾನವೂ ಬಂತು. ಅವಳನ್ನು ಅಂದು ನೋಯಿಸಿದ್ದು ಸಿನಿಮಾ ಅಲ್ಲದಿರಬಹುದು. ಸಾಲಿನಲ್ಲಿದ್ದ ಎಲ್ಲರ ಎದುರು ಕ್ಯಾನು ಹಿಡಿದುಕೊಂಡು ಹಿಂದಿರುಗಿದ ದೊಡ್ಡಮ್ಮನ ಮುಖವಿರಬಹುದು. ನೀರು ಬೆರೆತ ಹಾಲನ್ನು ತಿರುಗಿಸಿದ್ದು ನಿಮ್ಮ ಕರ್ತವ್ಯ, ಅದಕ್ಕಾಗಿ ನೀವು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಆದರೆ ಕರೆದ ಬಿಸಿ ಆರುವ ಮುನ್ನವೇ ಅದ್ದಿದರೆ ಲ್ಯಾಕ್ಟೋಮೀಟರು ಕಡಿಮೆ ತೋರಿಸುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಂದು ಎರಡನೆಯ ಸಲ ಅದ್ದಿ ನೋಡಿದಿರೇ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ನಿಮ್ಮ ಫೋನಿನಲ್ಲಿದ್ದುದನ್ನು ಇಷ್ಟು ವರ್ಷ ಒಂದು ಸಲವೂ ಅದ್ದಿ ನೋಡಿರಲಿಲ್ಲವಾದ್ದರಿಂದ ಈ ಪ್ರಶ್ನೆ ಕೇಳಬೇಕೆನಿಸಿತು. ವಾರಗಿತ್ತಿಯವರ ಮನೆಗೆ ಒಂದು ಸಂಜೆ ಮಗಳನ್ನೂ ಕರೆದುಕೊಂಡು ಹೋಗಿ ಬನ್ನಿ.

ಪೆನ್‌ಡ್ರೈವಿನಲ್ಲಿರುವ ಹೊಸ ಚಿತ್ರಗಳನ್ನು ಅಳಿಸುವ ಕೆಲಸವನ್ನು ಮಗಳ ಕೈಯಲ್ಲೇ ಮಾಡಿಸಿ. ಅತ್ತೆಯವರು ಅರ್ಧ ನೋಡಿ ಉಳಿಸಿದ್ದು ಯಾವುದಾದರೂ ಅದರಲ್ಲಿ ಸೇರಿದ್ದರೆ, ಅವರು ನೋಡಿ ಮುಗಿಸುವವರೆಗೆ ಅದೊಂದು ಇರಲಿ.